ಏಳು ಫ್ಯಾನು, ಏಳೂ ಹೊರಕ್ಕೆ

"ಮಾವ, ಫ್ಯಾನ್ ಸ್ಪೀಡ್ ಜಾಸ್ತಿ ಮಾಡಿದಷ್ಟೂ ಕಂಪ್ಯೂಟರ್ ಇನ್ನೂ ಬಿಸಿ ಆಗುತ್ತೆ. ಇದೆಂಥದ್ದು?"

ತಂಗಿಯ ಮಗ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ನಂಬಲಿಲ್ಲ. ಏನನ್ನೋ ತಪ್ಪಾಗಿ ಓದಿರಬೇಕು ಅಂದುಕೊಂಡೆ. ಫ್ಯಾನ್ ಜೋರಾಗಿ ತಿರುಗಿದರೆ ಸದ್ದು ಜಾಸ್ತಿ ಆಗಬಹುದು, ಧೂಳು ಜಾಸ್ತಿ ಬರಬಹುದು, ಆದರೆ ಬಿಸಿ ಯಾಕೆ ಜಾಸ್ತಿ ಆಗಬೇಕು? ಆಮೇಲೆ ಅವನ ಮನೆಗೇ ಹೋಗಿ ನೋಡಿದೆ. ಹುಡುಗ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಮೊದಲು ಯಂತ್ರದ ವಿವರ. ಮುಂದೆ ಗಾಜು, ಎಡಬದಿಗೆ ಗಾಜು, ಒಳಗೆಲ್ಲ ದೀಪ. ಮೀನಿನ ತೊಟ್ಟಿಯ ಹಾಗೆ ಕಾಣುತ್ತಲ್ಲ, ಆ ಥರದ ಕ್ಯಾಬಿನೆಟ್. ಪವರ್ ಸಪ್ಲೈ ಮತ್ತು ವೈರುಗಳಿಗೆ ಮದರ್‌ಬೋರ್ಡಿನ ಹಿಂದೆ ಬೇರೆ ಗೂಡು ಇದೆ. ಹಾಗಾಗಿ ಅದರ ಬಿಸಿ ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಮುಖ್ಯ ಗೂಡಿನಲ್ಲಿ 120 ಮಿ.ಮೀ. ಅಳತೆಯ ಏಳು ಫ್ಯಾನುಗಳು: ತಳದಲ್ಲಿ ಮೂರು, ಬಲಬದಿಯ ಗೋಡೆಯಲ್ಲಿ ಮೂರು, ಹಿಂದೆ ಒಂದು. ಮೇಲ್ಭಾಗದಲ್ಲಿ ಬರೀ ಜಾಲರಿ, ಫ್ಯಾನ್ ಇಲ್ಲ. ಪ್ರೊಸೆಸರ್ ಮೇಲೆ ಗೋಪುರದಂಥ ಏರ್ ಕೂಲರ್. ಅದರ ಕೆಳಗೆ ಅಡ್ಡಲಾಗಿ ಮಲಗಿರುವ ಗ್ರಾಫಿಕ್ಸ್ ಕಾರ್ಡ್, ಅದಕ್ಕೆ ಕೆಳಮುಖವಾಗಿ ಮೂರು ಫ್ಯಾನು. ಕಾರ್ಡು ಪೂರ್ತಿ ದುಡಿಯುವಾಗ ಸುಮಾರು 220 ವ್ಯಾಟ್ ಎಳೆಯುತ್ತದೆ.

ಹುಡುಗ ಚಿತ್ರ ಮಾಡುವ ತಂತ್ರಾಂಶವಾದ ಬ್ಲೆಂಡರ್‌ನಲ್ಲಿ ತ್ರೀಡಿ ಕೆಲಸ ಮಾಡುತ್ತಾನೆ. ರೆಂಡರ್, ಅಂದರೆ ದೃಶ್ಯವನ್ನು ಲೆಕ್ಕ ಹಾಕಿ ಚಿತ್ರವಾಗಿಸುವ ಕೆಲಸ, ಪೂರ್ತಿ ಗ್ರಾಫಿಕ್ಸ್ ಕಾರ್ಡಿನ ಮೇಲೆ. ಶುರುವಾದ ಹತ್ತು ನಿಮಿಷಕ್ಕೆ ಕಾರ್ಡು ವಿಮಾನ ಏರುವ ಹಾಗೆ ಸದ್ದು ಮಾಡುತ್ತಿತ್ತು, ಗಾಜು ಮುಟ್ಟಿದರೆ ಬಿಸಿ, ಕೊನೆಕೊನೆಗೆ ರೆಂಡರ್ ನಿಧಾನ. ಅವನು ಅಷ್ಟರಲ್ಲೇ ಪ್ರೊಸೆಸರಿನ ಥರ್ಮಲ್ ಪೇಸ್ಟ್, ಅಂದರೆ ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ, ಬದಲಿಸಿದ್ದ. ಕಂಪ್ಯೂಟರ್ ಬಿಸಿ ಅಂದ ಕೂಡಲೇ ಎಲ್ಲರ ಕೈ ಪೇಸ್ಟಿಗೇ ಯಾಕೆ ಹೋಗುತ್ತದೋ ಗೊತ್ತಿಲ್ಲ. ರೆಂಡರ್ ಹೊತ್ತಿನಲ್ಲಿ ಅವನ ಪ್ರೊಸೆಸರ್ 62 ಡಿಗ್ರಿಯಲ್ಲಿ ಆರಾಮಾಗಿತ್ತು. ಹೊಟ್ಟೆನೋವಿಗೆ ಮಂಡಿಗೆ ಮುಲಾಮು ಹಚ್ಚಿದ ಹಾಗಾಗಿತ್ತು ಅಷ್ಟೆ.

ಮೊದಲ ದಿನದ ಅಳತೆ

ಅಳೆಯುವ ಕ್ರಮ ಸರಿ ಇಲ್ಲದಿದ್ದರೆ ಇಂಥ ಕೆಲಸದಲ್ಲಿ ಬರೀ ಅಂದಾಜು ಉಳಿಯುತ್ತದೆ. ಆದ್ದರಿಂದ ಒಂದೇ ದೃಶ್ಯವನ್ನು ಪ್ರತಿ ಸಲ ರೆಂಡರ್ ಮಾಡುವುದು, 15ನೇ ನಿಮಿಷದಲ್ಲಿ ಅಂಕಿ ಬರೆದುಕೊಳ್ಳುವುದು, ಮಧ್ಯೆ ಯಂತ್ರ ಪೂರ್ತಿ ತಣ್ಣಗಾಗಲು ಬಿಡುವುದು ಅಂತ ಮಾಡಿಕೊಂಡೆವು. ಕೋಣೆಯ ತಾಪಮಾನವನ್ನೂ ಬರೆಯಬೇಕು. ಬೆಳಗ್ಗೆ 24 ಡಿಗ್ರಿ, ಮಧ್ಯಾಹ್ನ 30 ಇದ್ದರೆ ಆ ಆರು ಡಿಗ್ರಿ ಒಳಗಿನ ಅಂಕಿಗಳಿಗೂ ಹೆಚ್ಚುಕಡಿಮೆ ಹಾಗೇ ಸೇರಿಕೊಳ್ಳುತ್ತದೆ. ನಮ್ಮ ಅಳತೆಯ ಹೊತ್ತಿನಲ್ಲಿ ಕೋಣೆ 27ರ ಆಸುಪಾಸಿನಲ್ಲೇ ಇತ್ತು.

ಕ್ಯಾಬಿನೆಟ್ ಫ್ಯಾನುಗಳು ನಿಮಿಷಕ್ಕೆ 1000 ಸುತ್ತು ತಿರುಗುವಾಗ ಗ್ರಾಫಿಕ್ಸ್ ಕಾರ್ಡ್ 81 ಡಿಗ್ರಿ. ಅವನ್ನು 1600ಕ್ಕೆ ಏರಿಸಿದರೆ 84. ಹಾಟ್‌ಸ್ಪಾಟ್, ಅಂದರೆ ಚಿಪ್ಪಿನ ಅತಿ ಬಿಸಿಯಾದ ಜಾಗ, 103. ಅಷ್ಟು ಹೊತ್ತಿಗೆ ಕಾರ್ಡು ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸುತ್ತಿತ್ತು. ಹೀಗೆ ವೇಗ ಇಳಿಸುವ ಹಂತದಲ್ಲಿ ಬರೀ ಡಿಗ್ರಿ ನೋಡಿದರೆ ಮೋಸ ಹೋಗುತ್ತೇವೆ. ಡಿಗ್ರಿ ಅಲ್ಲೇ ನಿಂತಿರುತ್ತದೆ, ಕೆಲಸ ಮಾತ್ರ ನಿಧಾನ ಆಗಿರುತ್ತದೆ. ಹಾಗಾಗಿ ರೆಂಡರ್ ಮುಗಿಯುವ ಸಮಯವನ್ನೂ ಬರೆದೆವು: 22 ನಿಮಿಷ.

ಎಡಬದಿಯ ಗಾಜು ತೆಗೆದು ಮತ್ತೆ ಓಡಿಸಿದೆವು. 75 ಡಿಗ್ರಿ. ಇದು ಹಳೇ ಪರೀಕ್ಷೆ, ಆದರೆ ಒಳ್ಳೇ ಪರೀಕ್ಷೆ. ಬಾಗಿಲು ತೆಗೆದಾಗ ಒಂಬತ್ತು ಡಿಗ್ರಿ ಇಳಿಯಿತು ಅಂದರೆ ಕಾರ್ಡಿನ ಕೂಲರ್ ಚೆನ್ನಾಗಿದೆ, ಅದಕ್ಕೆ ಸಿಗುವ ಗಾಳಿ ಸರಿ ಇಲ್ಲ ಅಂತ ಅರ್ಥ. ಬಾಗಿಲು ತೆಗೆದರೂ ಇಳಿಯದೇ ಇದ್ದಿದ್ದರೆ ಕಾರ್ಡಿನ ಒಳಗೇ ಕೈ ಹಾಕಬೇಕಿತ್ತು.

ಇಲ್ಲಿ ನಾನೇ ಒಂದು ತಪ್ಪು ತೀರ್ಮಾನಕ್ಕೆ ಬಂದೆ. "ಮುಂದೆ ಪೂರ್ತಿ ಗಾಜು ಕಣೋ, ಗಾಳಿ ಎಲ್ಲಿಂದ ಬರಬೇಕು? ಜಾಲರಿ ಮುಖದ ಕ್ಯಾಬಿನೆಟ್ ತಗೋ" ಅಂದುಬಿಟ್ಟೆ. ಅವನ ಮುಖ ಬಾಡಿತು. ಆ ಕ್ಯಾಬಿನೆಟ್ಟಿನ ಅಂದಕ್ಕೇ ಅವನು ಅದನ್ನು ಆರಿಸಿದ್ದ. ಬೇರೆ ಕ್ಯಾಬಿನೆಟ್ ಹುಡುಕಲು ಶುರು ಮಾಡುವ ಮುಂಚೆ ಸುಮ್ನೆ ಧೂಳು ಒರೆಸೋಣ ಅಂತ ತಳದ ಫಿಲ್ಟರ್ ಎಳೆದೆ. ಗುಟ್ಟು ಅಲ್ಲಿತ್ತು.

ಧೂಳು ಹೇಳಿದ ಸಾಕ್ಷಿ

ಫಿಲ್ಟರಿನ ಕೆಳಮುಖ ಹೊಸದರ ಹಾಗೆ ಹೊಳೆಯುತ್ತಿತ್ತು. ಆರು ತಿಂಗಳಿಂದ ಯಾರೂ ಒರೆಸಿರಲಿಲ್ಲ. ತಿರುಗಿಸಿ ನೋಡಿದರೆ ಮೇಲ್ಮುಖದಲ್ಲಿ, ಅಂದರೆ ಕ್ಯಾಬಿನೆಟ್ಟಿನ ಒಳಗಡೆಗೆ ಇರುವ ಮುಖದಲ್ಲಿ, ಧೂಳಿನ ತೆಳು ಪೊರೆ. ಹೊರಗಿನ ಗಾಳಿಯನ್ನು ಸೋಸಬೇಕಾದ ಫಿಲ್ಟರ್ ಒಳಗಿನ ಗಾಳಿಯನ್ನು ಸೋಸುತ್ತಿತ್ತು!

ಮೇಲಿನ ಜಾಲರಿ ನೋಡಿದೆ. ಅದರ ಹೊರಮುಖದ ಮೇಲೆ ಬೆರಳಿಟ್ಟರೆ ಗುರುತು ಬೀಳುವಷ್ಟು ಧೂಳು. ಹಿಂಬದಿಯಲ್ಲಿ ಕಾರ್ಡುಗಳ ಸ್ಲಾಟ್ ಮುಚ್ಚಿರುವ ಲೋಹದ ಪಟ್ಟಿಗಳ ಸಂದಿಯಲ್ಲೂ ಒಳಕ್ಕೆ ಗೆರೆ ಎಳೆದ ಹಾಗೆ ಧೂಳು. ಅಂದರೆ ಗಾಳಿ ಬರಬೇಕಾದ ದಾರಿಯಲ್ಲಿ ಹೋಗುತ್ತಿತ್ತು, ಹೋಗಬೇಕಾದ ದಾರಿಯಲ್ಲಿ ಮತ್ತು ಸಿಕ್ಕ ಸಿಕ್ಕ ಸಂದಿಗಳಲ್ಲಿ ಬರುತ್ತಿತ್ತು.

ಖಾತ್ರಿ ಮಾಡಿಕೊಳ್ಳಲು ಟಿಶ್ಯೂ ಕಾಗದದ ಒಂದು ಎಳೆ ಹರಿದು, ಪ್ರತಿ ಫ್ಯಾನಿನ ಹೊರಬದಿಗೆ ಹಿಡಿದೆವು. ಒಳಕ್ಕೆ ಎಳೆಯುವ ಫ್ಯಾನ್ ಆದರೆ ಕಾಗದ ಜಾಲರಿಗೆ ಅಂಟಿಕೊಳ್ಳಬೇಕು. ತಳದ ಮೂರರಲ್ಲೂ ಅದು ಹಾರಿ ದೂರ ಹೋಯಿತು. ಬಲಬದಿಯ ಮೂರರಲ್ಲೂ ಹಾಗೇ. ಹಿಂದಿನದು ಹೇಗಿದ್ದರೂ ಹೊರಕ್ಕೆ ಊದಬೇಕಾದದ್ದೇ. ಏಳು ಫ್ಯಾನು, ಏಳೂ ಹೊರಕ್ಕೆ.

"ಲೋ, ಇವನ್ನೆಲ್ಲ ಉಲ್ಟಾ ಹಾಕಿದ್ದೀಯಲ್ಲೋ."

"ಇಲ್ಲ ಮಾವ, ಸರಿಯಾಗೇ ಹಾಕಿದ್ದೀನಿ. ರೆಕ್ಕೆ ಕಾಣೋ ಕಡೆಯಿಂದ ಗಾಳಿ ಬರುತ್ತೆ ಅಲ್ವಾ? ಟೇಬಲ್ ಫ್ಯಾನಲ್ಲಿ ಹಾಗೇ ತಾನೇ?"

ಈ ಮಾತು ಕೇಳಿ ನನಗೆ ನಗು ಬರಲಿಲ್ಲ, ಯಾಕೆಂದರೆ ಅದರಲ್ಲಿ ತರ್ಕ ಇದೆ. ಟೇಬಲ್ ಫ್ಯಾನಿನಲ್ಲಿ ಮೋಟಾರ್ ಹಿಂದೆ ಇರುತ್ತದೆ, ನಾವು ರೆಕ್ಕೆಯ ಕಡೆ ಕೂರುತ್ತೇವೆ, ಗಾಳಿ ನಮ್ಮ ಮುಖಕ್ಕೆ ಬರುತ್ತದೆ. ಕ್ಯಾಬಿನೆಟ್ ಫ್ಯಾನಿನಲ್ಲಿ ಇದು ತಿರುಗುಮುರುಗು. ಅಲ್ಲಿ ಮೋಟಾರನ್ನು ಹಿಡಿದಿರುವ ಮೂರೋ ನಾಲ್ಕೋ ಅಡ್ಡಕಡ್ಡಿಗಳು ಗಾಳಿ ಹೊರಬೀಳುವ ಕಡೆ ಇರುತ್ತವೆ. ರೆಕ್ಕೆ ಬಿಚ್ಚಾಗಿ ಕಾಣುವ ಮುಖ ಗಾಳಿ ಎಳೆದುಕೊಳ್ಳುವ ಮುಖ, ಕಡ್ಡಿ ಇರುವ ಮುಖ ಊದುವ ಮುಖ. ಜೊತೆಗೆ ದೀಪದ ಫ್ಯಾನುಗಳ ಚೆಂದವೆಲ್ಲ ರೆಕ್ಕೆಯ ಮುಖದಲ್ಲಿ. ಗಾಜಿನೊಳಗಿಂದ ಅದೇ ಕಾಣಲಿ ಅಂತ ತಳದ ಮತ್ತು ಬದಿಯ ಫ್ಯಾನುಗಳನ್ನು ಆ ಮುಖ ಒಳಗಾಗುವಂತೆ ಕೂರಿಸಿದರೆ ಅವೆಲ್ಲ ಎಕ್ಸಾಸ್ಟ್, ಅಂದರೆ ಗಾಳಿಯನ್ನು ಹೊರಕ್ಕೆ ಹಾಕುವ ಫ್ಯಾನು, ಆಗಿಬಿಡುತ್ತವೆ. ಅಂದಕ್ಕೂ ಟೇಬಲ್ ಫ್ಯಾನಿನ ಅನುಭವಕ್ಕೂ ಒಂದೇ ಉತ್ತರ ಬಂದಿತ್ತು, ಅದು ತಪ್ಪು ಉತ್ತರವಾಗಿತ್ತು.

ಹೆಚ್ಚಿನ ಫ್ಯಾನುಗಳ ಚೌಕಟ್ಟಿನ ಅಂಚಿನಲ್ಲಿ ಎರಡು ಪುಟ್ಟ ಬಾಣಗಳಿರುತ್ತವೆ. ಒಂದು ರೆಕ್ಕೆ ತಿರುಗುವ ದಿಕ್ಕು, ಇನ್ನೊಂದು ಗಾಳಿ ಹರಿಯುವ ದಿಕ್ಕು. ಇವನ ಫ್ಯಾನುಗಳಲ್ಲಿ ಅವು ಇರಲಿಲ್ಲ.

ಸ್ಪೀಡ್ ಏರಿಸಿದರೆ ಬಿಸಿ ಏರಿದ್ದು ಯಾಕೆ

ಈ ಪ್ರಕರಣದಲ್ಲಿ ನನಗೆ ಹೆಚ್ಚು ಹಿಡಿಸಿದ ಭಾಗ ಇದೇ. ಗಾಳಿ ಕಡಿಮೆ ಇತ್ತು ಅಂತ ಹೇಳುವ ಹಾಗಿರಲಿಲ್ಲ. ಲೆಕ್ಕ ಹಾಕಿ ನೋಡಿ. ರೆಂಡರ್ ಹೊತ್ತಿನಲ್ಲಿ ಆ ಗೂಡಿನೊಳಗೆ ಒಟ್ಟು ಸುಮಾರು 300 ವ್ಯಾಟ್ ಬಿಸಿ ಹುಟ್ಟುತ್ತದೆ. ಒಳಗಿನ ಗಾಳಿ ಹೊರಗಿಗಿಂತ 10 ಡಿಗ್ರಿ ಮಾತ್ರ ಏರಬೇಕು ಅಂತಿಟ್ಟುಕೊಂಡರೆ ಸೆಕೆಂಡಿಗೆ 25 ಲೀಟರ್ ಗಾಳಿ ಹರಿದರೆ ಸಾಕು. ಫ್ಯಾನಿನ ಪೆಟ್ಟಿಗೆಯ ಮೇಲೆ ಬರೆಯುವ ಲೆಕ್ಕದಲ್ಲಿ ಅದು ನಿಮಿಷಕ್ಕೆ ಸುಮಾರು 53 ಘನ ಅಡಿ. ಫಿಲ್ಟರ್, ಜಾಲರಿ ಎಲ್ಲ ಅಡ್ಡ ಬಂದು ಪೆಟ್ಟಿಗೆ ಮೇಲಿನ ಅಂಕಿಯ ಅರ್ಧ ಸಿಕ್ಕರೂ ಎರಡು ಮೂರು ಫ್ಯಾನುಗಳಲ್ಲಿ ಕೆಲಸ ಮುಗಿಯುತ್ತದೆ. ಇಲ್ಲಿ ಏಳಿದ್ದವು. ಮೇಲಿನ ಜಾಲರಿ ತೆರೆದೇ ಇದ್ದುದರಿಂದ ಗಾಳಿ ಒಳಗೆ ಬರುತ್ತಲೂ ಇತ್ತು. ಪ್ರೊಸೆಸರ್ ಆರಾಮಾಗಿದ್ದದ್ದು ಅದಕ್ಕೇ. ಮೇಲಿಂದ ಇಳಿಯುವ ತಂಪು ಗಾಳಿ ಮೊದಲು ಅದಕ್ಕೇ ಸಿಗುತ್ತಿತ್ತು.

ತೊಂದರೆ ಇದ್ದದ್ದು ಗ್ರಾಫಿಕ್ಸ್ ಕಾರ್ಡಿಗೂ ತಳಕ್ಕೂ ನಡುವಿನ ನಾಲ್ಕು ಬೆರಳಿನ ಜಾಗದಲ್ಲಿ. ಕಾರ್ಡಿನ ಮೂರು ಫ್ಯಾನು ಆ ಜಾಗದಿಂದ ಗಾಳಿಯನ್ನು ಮೇಲಕ್ಕೆ ಎಳೆಯುತ್ತವೆ. ತಳದ ಮೂರು ಫ್ಯಾನು ಅದೇ ಜಾಗದಿಂದ ಕೆಳಕ್ಕೆ ಎಳೆಯುತ್ತಿದ್ದವು. ಒಂದೇ ತಟ್ಟೆಗೆ ಎರಡು ಕಡೆಯಿಂದ ಕೈ ಹಾಕಿದ ಹಾಗೆ. ಗೆಲ್ಲುವವರು ಜೋರಾಗಿರುವವರು. ಕ್ಯಾಬಿನೆಟ್ ಫ್ಯಾನುಗಳನ್ನು 1600ಕ್ಕೆ ಏರಿಸಿದಾಗ ತಳದವು ಇನ್ನೂ ಜಾಸ್ತಿ ಕಸಿದುಕೊಂಡವು. ಕಾರ್ಡು ತಾನೇ ಊದಿ ಹಾಕಿದ ಬಿಸಿ ಗಾಳಿಯನ್ನು ಬದಿಯಿಂದ ಸುತ್ತಿ ಬಂದಾಗ ಮತ್ತೆ ಕುಡಿಯಬೇಕಾಯಿತು.

"ಕಾರ್ಡಿನ ಫ್ಯಾನ್ ಬೇರೆ ಕಡೆಯಿಂದ ಎಳ್ಕೋಬಹುದಲ್ಲ ಮಾವ?" ಅಂದ. ಇದಕ್ಕೆ ದೀಪದ ಉದಾಹರಣೆ ಕೊಟ್ಟೆ. ದೀಪವನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಕ್ಕೆ ಎಳೆದು ಆರಿಸಿ ನೋಡೋಣ? ಆಗುವುದಿಲ್ಲ. ಊದುವ ಗಾಳಿ ಕೋಲಿನ ಹಾಗೆ ನೆಟ್ಟಗೆ ಹೋಗುತ್ತದೆ. ಎಳೆಯುವ ಗಾಳಿ ಸುತ್ತಮುತ್ತ ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪ ಬರುತ್ತದೆ, ನಾಲ್ಕು ಬೆರಳು ದಾಟಿದರೆ ಅದರ ಹಿಡಿತ ಮುಗಿಯಿತು. ಹಾಗಾಗಿ ಕಾರ್ಡಿನ ಫ್ಯಾನಿಗೆ ದೂರದ ತಂಪು ಗಾಳಿ ಕೈಗೆಟುಕುವುದಿಲ್ಲ. ಯಾರಾದರೂ ಅದರ ಬಾಯಿಗೆ ತಂದು ಊದಬೇಕು. ತಳದ ಫ್ಯಾನುಗಳ ಕೆಲಸವೇ ಅದು.

ಮಾತಿನಲ್ಲಿ ಹೇಳಿದ್ದನ್ನು ಪರೀಕ್ಷಿಸಲು ಸುಲಭ ದಾರಿ ಇತ್ತು. ಸ್ಕ್ರೂ ಮುಟ್ಟದೆ ತಳದ ಮೂರು ಫ್ಯಾನುಗಳ ವೈರ್ ಕಿತ್ತು ರೆಂಡರ್ ಓಡಿಸಿದೆವು. 77 ಡಿಗ್ರಿ. ಮೂರು ಫ್ಯಾನ್ ನಿಲ್ಲಿಸಿದರೆ ಏಳು ಡಿಗ್ರಿ ತಂಪು! ಹುಡುಗ ಪರದೆಯನ್ನೇ ದಿಟ್ಟಿಸಿ ನೋಡುತ್ತಾ ಕೂತ.

ತಿರುಗಿಸಿದ್ದು, ಮತ್ತು ತಿರುಗಿಸುವಾಗ ಆದ ಅವಾಂತರ

ತಳದ ಮೂರು, ಬದಿಯ ಮೂರು ಬಿಚ್ಚಿ ತಿರುಗಿಸಿ ಕೂರಿಸಿದೆವು. ಹೇಳುವುದಕ್ಕೆ ಒಂದು ಸಾಲು, ಮಾಡುವುದಕ್ಕೆ ಎರಡು ಗಂಟೆ. ಫ್ಯಾನ್ ತಿರುಗಿಸಿದರೆ ವೈರ್ ಬರುವ ಮೂಲೆಯೂ ಬದಲಾಗುತ್ತದೆ. ಮೊದಲು ಅಚ್ಚುಕಟ್ಟಾಗಿ ಹಿಂದಿನ ಗೂಡಿಗೆ ಹೋಗುತ್ತಿದ್ದ ವೈರು ಈಗ ಗಾಜಿನ ಕಡೆ ಬಂತು. ಒಂದು ವೈರ್ ರೆಕ್ಕೆಗೆ ತಾಗಿ ಟಕಟಕ ಅನ್ನತೊಡಗಿತು. ಅದನ್ನು ಕಟ್ಟಿ ಸರಿ ಮಾಡಿ ಓಡಿಸಿದರೆ 73. ಇಳಿದಿತ್ತು, ಆದರೆ ನಾನು ಅಂದುಕೊಂಡಷ್ಟು ಇಳಿದಿರಲಿಲ್ಲ.

ಮತ್ತೆ ಟಿಶ್ಯೂ ಹಿಡಿದೆ. ತಳದ ನಡುವಿನ ಫ್ಯಾನ್ ಇನ್ನೂ ಕೆಳಕ್ಕೇ ಊದುತ್ತಿತ್ತು. ವೈರ್ ಸರಿಪಡಿಸುವ ಗಡಿಬಿಡಿಯಲ್ಲಿ ಅದನ್ನು ಎರಡು ಸಲ ತಿರುಗಿಸಿಬಿಟ್ಟಿದ್ದೆ, ನಾನೇ. "ಮಾವ, ಇದು ಯಾರು ಹಾಕಿದ್ದು?" ಅಂತ ಹುಡುಗ ಬೇಕಂತಲೇ ಕೇಳಿದ. ಅದರ ಪಕ್ಕದ ಎರಡು ಫ್ಯಾನುಗಳು ಮೇಲಕ್ಕೆ ತಂದ ಗಾಳಿಯಲ್ಲಿ ಒಂದು ಪಾಲನ್ನು ಇದು ಮತ್ತೆ ಕೆಳಕ್ಕೆ ತಳ್ಳುತ್ತಿತ್ತು. ಅದನ್ನೂ ಸರಿ ಮಾಡಿದ ಮೇಲೆ 69 ಡಿಗ್ರಿ, ಹಾಟ್‌ಸ್ಪಾಟ್ 83. ಒಂದೇ ಒಂದು ಫ್ಯಾನಿಗೆ ನಾಲ್ಕು ಡಿಗ್ರಿ. ಅಂದಿನಿಂದ ಕಣ್ಣಂದಾಜನ್ನು ನಾನು ನಂಬುವುದಿಲ್ಲ, ಟಿಶ್ಯೂ ಹಿಡಿಯದೆ ಬಾಗಿಲು ಮುಚ್ಚುವುದಿಲ್ಲ.

ಈಗ ಆರು ಒಳಕ್ಕೆ, ಒಂದು ಹೊರಕ್ಕೆ. ಇದು ವಿಪರೀತ ಅಲ್ವಾ ಅನಿಸಬಹುದು. ಒಳಗೆ ಬಂದ ಗಾಳಿ ಹೇಗಾದರೂ ಹೊರಗೆ ಹೋಗಲೇಬೇಕು. ಮೇಲಿನ ಜಾಲರಿ ತೆರೆದಿದೆ, ಅಲ್ಲಿಂದ ತಾನೇ ಹೋಗುತ್ತದೆ. ಒಳಗಿನ ಒತ್ತಡ ಹೊರಗಿಗಿಂತ ಒಂದು ಕೂದಲೆಳೆಯಷ್ಟು ಜಾಸ್ತಿ ಇದ್ದರೆ ಸಂದಿಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ, ಒಳಕ್ಕೆ ನುಗ್ಗುವುದಿಲ್ಲ. ಬರುವ ಗಾಳಿಯೆಲ್ಲ ಫಿಲ್ಟರ್ ದಾಟಿಯೇ ಬರುತ್ತದೆ. ಧೂಳಿನ ದೃಷ್ಟಿಯಿಂದ ಇದೇ ಒಳ್ಳೆಯದು. ತಾಪಮಾನದ ದೃಷ್ಟಿಯಿಂದ ಒಳಕ್ಕೆ ಎಷ್ಟು, ಹೊರಕ್ಕೆ ಎಷ್ಟು ಅನ್ನುವ ಎಣಿಕೆಗಿಂತ ಬಿಸಿಯಾಗುವ ಭಾಗದ ಬಾಯಿಗೆ ತಂಪು ಗಾಳಿ ಸಿಗುತ್ತಾ ಅನ್ನುವುದು ಮುಖ್ಯ.

ಆದರೂ ಬದಿಯ ಮೂರರಲ್ಲಿ ಒಂದನ್ನು ತೆಗೆದು ಮೇಲ್ಭಾಗಕ್ಕೆ ಹಾಕಿ ನೋಡೋಣ ಅಂತ ಹೊರಟೆವು. ಮೇಲೆ ಎಲ್ಲಿ? ಹುಡುಗ ಮೊದಲು ಮುಂದಿನ ತುದಿಗೆ, ಗಾಜಿನ ಹತ್ತಿರ ಹಾಕಿದ. ಪ್ರೊಸೆಸರ್ ಎರಡು ಡಿಗ್ರಿ ಏರಿತು. ಬದಿಯಿಂದ ಬಂದ ತಂಪು ಗಾಳಿ ಪ್ರೊಸೆಸರಿನ ಕೂಲರ್ ತಲುಪುವ ಮೊದಲೇ ಆ ಫ್ಯಾನು ಅದನ್ನು ಮೇಲಕ್ಕೆ ಎತ್ತಿ ಹೊರಗೆ ಹಾಕುತ್ತಿತ್ತು. ಅದನ್ನೇ ಹಿಂದಿನ ತುದಿಗೆ, ಕೂಲರ್ ದಾಟಿದ ಜಾಗಕ್ಕೆ ಹಾಕಿದಾಗ ಪ್ರೊಸೆಸರ್ ಮೂರು ಡಿಗ್ರಿ ಇಳಿಯಿತು, ಗ್ರಾಫಿಕ್ಸ್ ಕಾರ್ಡು ಇನ್ನೊಂದು ಡಿಗ್ರಿ. ಒಂದೇ ಫ್ಯಾನು, ಒಂದೇ ದಿಕ್ಕು, ಒಂದು ಗೇಣು ಆಚೀಚೆ. ಮೇಲ್ಭಾಗದ ಫ್ಯಾನು ಕೂಲರಿನ ಹಿಂದೆ ಇರಲಿ, ಮುಂದೆ ಬೇಡ.

"ಬಿಸಿ ಗಾಳಿ ಮೇಲಕ್ಕೆ ಹೋಗುತ್ತೆ, ಅದಕ್ಕೇ ಮೇಲೆ ಎಕ್ಸಾಸ್ಟ್ ಅಲ್ವಾ?" ಅಂತ ಅವನು ಕೇಳಿದ. ಅರ್ಧ ಸರಿ. ಬಿಸಿ ಗಾಳಿ ತಾನಾಗಿ ಮೇಲೇರುವ ಬಲ ತುಂಬಾ ಕಡಿಮೆ, ನಿಧಾನವಾಗಿ ತಿರುಗುವ ಫ್ಯಾನ್ ಕೂಡ ಅದನ್ನು ಸುಲಭವಾಗಿ ಮೀರಿಸುತ್ತದೆ. ಮೇಲೆ ಎಕ್ಸಾಸ್ಟ್ ಇಡುವುದು ಯಾಕೆಂದರೆ ಕಾರ್ಡಿನ ಫ್ಯಾನುಗಳೂ ತಳದ ಫ್ಯಾನುಗಳೂ ಗಾಳಿಯನ್ನು ಮೇಲಕ್ಕೇ ತಳ್ಳುತ್ತಿರುತ್ತವೆ. ಬರುತ್ತಿರುವ ದಾರಿಯಲ್ಲೇ ಬಾಗಿಲು ತೆಗೆದಿಟ್ಟರೆ ಆಯಿತು. ದಿಕ್ಕಿನ ವಿಷಯದಲ್ಲಿ ದೊಡ್ಡವರೂ ಮನಸ್ಸು ಬದಲಿಸಿದ್ದಾರೆ ಅನ್ನಿ. 1995ರಲ್ಲಿ ಇಂಟೆಲ್ ಕಂಪ್ಯೂಟರಿನ ಬೋರ್ಡು, ಪವರ್ ಸಪ್ಲೈ ಹೇಗಿರಬೇಕು ಅನ್ನುವ ಎಟಿಎಕ್ಸ್ ವಿನ್ಯಾಸ ತಂದಾಗ ಪವರ್ ಸಪ್ಲೈಯ ಫ್ಯಾನು ಗಾಳಿಯನ್ನು ಕ್ಯಾಬಿನೆಟ್ಟಿನ ಒಳಕ್ಕೆ, ಪ್ರೊಸೆಸರಿನ ಮೇಲೆ ಊದಬೇಕು ಅನ್ನುವುದಿತ್ತು. ಪವರ್ ಸಪ್ಲೈಯಲ್ಲಿ ಕಾದ ಗಾಳಿಯೇ ಪ್ರೊಸೆಸರಿಗೆ! ಆಮೇಲೆ ಅದನ್ನು ಹೊರಕ್ಕೆ ತಿರುಗಿಸಿದರು.

ಕೊನೆಯ ತೊಡಕು

ಎಲ್ಲ ಮುಗಿಯಿತು ಅಂದುಕೊಂಡು ಫ್ಯಾನುಗಳನ್ನು ಆಟೋಗೆ ಹಾಕಿದೆವು. ಮತ್ತೆ 76! ಕಾರಣ ಸರಳ. ಮದರ್‌ಬೋರ್ಡ್ ಸಾಮಾನ್ಯವಾಗಿ ಕ್ಯಾಬಿನೆಟ್ ಫ್ಯಾನುಗಳನ್ನು ಪ್ರೊಸೆಸರಿನ ತಾಪಮಾನ ನೋಡಿ ನಡೆಸುತ್ತದೆ. ಇಲ್ಲಿ ದುಡಿಯುವುದು ಗ್ರಾಫಿಕ್ಸ್ ಕಾರ್ಡು, ಪ್ರೊಸೆಸರ್ ಅಲ್ಲ. ಪ್ರೊಸೆಸರ್ ತಂಪಾಗಿದೆ ಅಂತ ಬೋರ್ಡು ಫ್ಯಾನುಗಳನ್ನು ತೂಕಡಿಸಲು ಬಿಟ್ಟಿತ್ತು. ಗ್ರಾಫಿಕ್ಸ್ ಕಾರ್ಡಿನ ತಾಪಮಾನ ನೋಡಿ ಫ್ಯಾನ್ ನಡೆಸುವ ಉಚಿತ ತಂತ್ರಾಂಶ ಹಾಕಿ, ತಳದ ಮೂರನ್ನು ಅದಕ್ಕೆ ಒಪ್ಪಿಸಿದೆವು. ವೇಗದ ಸೂಚನೆಗೆಂದೇ ಒಂದು ಪಿನ್ ಇರುವ ನಾಲ್ಕು ಪಿನ್ನಿನ ಫ್ಯಾನುಗಳಾದ್ದರಿಂದ ಇದು ಸಲೀಸಾಯಿತು.

ಕೊನೆಗೆ ನಿಂತ ಏರ್ಪಾಡು: ತಳದ ಮೂರು ಮತ್ತು ಬದಿಯ ಎರಡು ಒಳಕ್ಕೆ, ಹಿಂದಿನ ಒಂದು ಮತ್ತು ಮೇಲೆ ಹಿಂತುದಿಯ ಒಂದು ಹೊರಕ್ಕೆ. 900 ಸುತ್ತಿನಲ್ಲಿ ಗ್ರಾಫಿಕ್ಸ್ ಕಾರ್ಡ್ 70 ಡಿಗ್ರಿ, ರೆಂಡರ್ ಇಪ್ಪತ್ತೂವರೆ ನಿಮಿಷ. 1600ರಲ್ಲಿ 68. ಎರಡು ಡಿಗ್ರಿಗಾಗಿ ಅಷ್ಟು ಸದ್ದು ಯಾರಿಗೆ ಬೇಕು? ಫ್ಯಾನಿನ ವೇಗ 1600ರಿಂದ 900ಕ್ಕೆ ಇಳಿದರೆ ಸದ್ದು ಲೆಕ್ಕದ ಪ್ರಕಾರ ಸುಮಾರು 12 ಡೆಸಿಬೆಲ್ ಕಡಿಮೆಯಾಗುತ್ತದೆ, ಅದು ಕಿವಿಗೆ ಅರ್ಧಕ್ಕಿಂತ ಕಡಿಮೆ ಅನಿಸುವಷ್ಟು. 900ಕ್ಕೇ ಬಿಟ್ಟೆವು.

ಹುಡುಗನಿಗೆ ಒಂದು ಬೇಜಾರು ಉಳಿಯಿತು. ಈಗ ಗಾಜಿನೊಳಗೆ ಕಾಣುವುದು ತಳದ ಮತ್ತು ಬದಿಯ ಫ್ಯಾನುಗಳ ಬೆನ್ನು: ಅಡ್ಡಕಡ್ಡಿ, ಸ್ಟಿಕ್ಕರ್, ವೈರು. ಇದಕ್ಕೆ ರಿವರ್ಸ್ ಫ್ಯಾನ್ ಅಂತ ಸಿಗುತ್ತವೆ. ನೋಡಲು ಮುಂದಿನಿಂದ ಅದೇ ಥರ, ಆದರೆ ರೆಕ್ಕೆಯ ಬಾಗು ಉಲ್ಟಾ. ಗಾಳಿ ಚೆಂದದ ಮುಖದಿಂದಲೇ ಹೊರಬರುತ್ತದೆ. ಅವನು ಐದು ತರಿಸಿಕೊಂಡ. ಇವುಗಳಿಗೆ ನಾನು ಮೇಲೆ ಹೇಳಿದ ಕಡ್ಡಿಯ ನಿಯಮ ನಡೆಯುವುದಿಲ್ಲ, ಇಲ್ಲಿ ಕಡ್ಡಿಯ ಕಡೆಯೇ ಎಳೆಯುವ ಕಡೆ. ಬಾಣ ನೋಡಬೇಕು ಅಥವಾ ಟಿಶ್ಯೂ ಹಿಡಿಯಬೇಕು. ಈ ಸಲ ಅವನೇ ಕೂರಿಸಿದ, ಅವನೇ ಟಿಶ್ಯೂ ಹಿಡಿದು ವಿಡಿಯೋ ಕಳಿಸಿದ. ತಾಪಮಾನದಲ್ಲಿ ಒಂದು ಡಿಗ್ರಿಯ ಹೆಚ್ಚುಕಡಿಮೆ, ಅಷ್ಟೆ.

ಎರಡು ತಿಂಗಳಾದ ಮೇಲೆ ಒಂದು ಫೋಟೋ ಬಂತು. ತಳದ ಫಿಲ್ಟರ್ ಎಳೆದು ತಿರುಗಿಸಿ ತೆಗೆದದ್ದು. "ಮಾವ, ಕೊಳೆ ನೋಡಿ" ಅಂತ ಕೆಳಗೆ ಬರೆದಿದ್ದ. ಧೂಳು ಕೆಳಮುಖದಲ್ಲಿತ್ತು.